ಮಳೆ ಹಿಡಿದರೆ ಕುದುರೆಗೆ ತುರಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪುಣೆ, ಮುಂಬಯಿ, ಗೋವಾಗಳಲ್ಲಿ ಕುದುರೆ ಸಾಕಿರುವ ಮತ್ತು ಲಾಯಗಳಲ್ಲಿ ದುಡಿಯುವ ಕನ್ನಡಿಗರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ಸಂಕಟದವು. ಮಳೆ ಶುರುವಾದೊಡನೆ ಕುದುರೆ ಅಯಾಲು (ಕತ್ತಿನ ಮೇಲಿನ ಕೂದಲು), ಬಾಲಗಳನ್ನು ಗೋಡೆಗೆ ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ಉತ್ತರಕ್ಕೆ ಮೊದಲು ಹೆಸರಿನ ಗೊಂದಲ ಬಿಡಿಸಿಬಿಡೋಣ. ಈ ತುರಿಕೆಗೆ ಕಾರಣವಾದ ಹುಳುವನ್ನು ಇಲ್ಲಿ ‘ನೊರಜು’ ಎಂದು ಬರೆದಿದ್ದೇವೆ. ಕರಾವಳಿಯಲ್ಲಿ ನುಸಿ ಎಂದರೆ ಸೊಳ್ಳೆ, ಬೆಳಗಾವಿ ಕಡೆ ಗುಂಗಾಡಿ ಎಂದರೂ ಸೊಳ್ಳೆಯೇ. ಇದು ಸೊಳ್ಳೆಯಲ್ಲ, ಅದಕ್ಕಿಂತ ಬಹಳ ಚಿಕ್ಕದು. ಮರಾಠಿ ಮಾತಾಡುವ ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವ ಆಳುಗಳಿಗೆ) ‘ಚಿಲಟ’ ಎಂದರೆ ಅರ್ಥವಾಗುತ್ತದೆ.

ಪ್ರಶ್ನೆ: ನಮ್ಮದು ಏಳು ವರ್ಷದ ಕಾಠೇವಾಡಿ ಹೆಣ್ಣು ಕುದುರೆ. ಮೂರು ವರ್ಷದಿಂದ ಜೂನ್ ಕೊನೆಗೆ ತುರಿಕೆ ಶುರುವಾಗಿ, ದೀಪಾವಳಿ ಕಳೆದ ಮೇಲೆ ತಾನಾಗಿ ನಿಲ್ಲುತ್ತದೆ. ಅಯಾಲು ಅರ್ಧ ಉದುರಿದೆ, ಬಾಲದ ಬುಡ ಬೋಳಾಗಿದೆ. ಬೇವಿನ ಸೊಪ್ಪಿನ ನೀರು, ಗಂಧಕದ ಮುಲಾಮು, ಜಂತಿನ ಔಷಧ ಎಲ್ಲ ಆಯಿತು. ರಕ್ತ ಕೆಟ್ಟಿದೆ, ಮೈಗೆ ಉಷ್ಣ ಏರಿದೆ, ಹುರುಳಿ ನಿಲ್ಲಿಸಿ ಎನ್ನುತ್ತಾರೆ. ಪಕ್ಕದಲ್ಲೇ ಕಟ್ಟುವ ಇನ್ನೆರಡು ಕುದುರೆಗಳಿಗೆ ಏನೂ ಆಗಿಲ್ಲ. — ವಾಘೋಲಿ, ಪುಣೆ

ಉತ್ತರ: ಹುರುಳಿಯದು ತಪ್ಪಿಲ್ಲ, ರಕ್ತದ್ದೂ ಇಲ್ಲ. ನೀವು ಬರೆದ ಲಕ್ಷಣಗಳೆಲ್ಲ ‘ಸ್ವೀಟ್ ಇಚ್’ ಎಂಬ ಅಲರ್ಜಿಗೆ ಹೊಂದುತ್ತವೆ. ಕ್ಯುಲಿಕಾಯ್ಡಿಸ್ ಎಂಬ ಜಾತಿಯ ನೊರಜು, ಒಂದರಿಂದ ಮೂರು ಮಿಲಿಮೀಟರ್ ಉದ್ದದ್ದು, ಕಚ್ಚುವಾಗ ಬಿಡುವ ಜೊಲ್ಲಿಗೆ ಕೆಲವು ಕುದುರೆಗಳ ಮೈ ವಿಪರೀತವಾಗಿ ಪ್ರತಿಕ್ರಿಯಿಸುತ್ತದೆ. ಕಚ್ಚುವುದು ಹೆಣ್ಣು ನೊರಜು ಮಾತ್ರ, ಮೊಟ್ಟೆಗೆ ಅದಕ್ಕೆ ರಕ್ತ ಬೇಕು. ಅದು ಪಕ್ಕದ ಎರಡು ಕುದುರೆಗಳನ್ನೂ ಕಚ್ಚುತ್ತಿರುತ್ತದೆ, ಆದರೆ ಅವುಗಳಿಗೆ ಅಲರ್ಜಿ ಇಲ್ಲ. ಆದ್ದರಿಂದ ಇದು ಅಂಟುರೋಗವೂ ಅಲ್ಲ, ಮೈ ತೊಳೆಯದ ಕೊಳಕಿನಿಂದ ಬಂದದ್ದೂ ಅಲ್ಲ. ನಿಮ್ಮ ಸೈಸ್ ಕೆಲಸ ಸರಿಯಾಗಿ ಮಾಡಿಲ್ಲ ಎಂದು ಯಾರಾದರೂ ದೂರಿದ್ದರೆ ಅದು ಅನ್ಯಾಯ.

ಈ ಅಲರ್ಜಿ ಸಾಮಾನ್ಯವಾಗಿ ಎರಡರಿಂದ ಐದನೇ ವಯಸ್ಸಿನೊಳಗೆ ತಲೆ ಎತ್ತುತ್ತದೆ. ಒಮ್ಮೆ ಬಂದರೆ ಪ್ರತಿ ಮಳೆಗಾಲಕ್ಕೂ ಬರುತ್ತದೆ, ವರ್ಷಗಳುರುಳಿದಂತೆ ಹೆಚ್ಚುವುದೂ ಉಂಟು. ಮೊದಲು ಅಯಾಲಿನ ಬುಡ, ಬಾಲದ ದಿಂಡು, ಭುಜದ ಮೇಲಿನ ಉಬ್ಬು, ಆಮೇಲೆ ಹೊಟ್ಟೆಯ ನಡುಗೆರೆ, ಕಿವಿಯ ಸುತ್ತ. ತುರಿಕೆ ಮೂರು-ನಾಲ್ಕು ವರ್ಷ ಎಳೆದರೆ ಆ ಭಾಗದ ಚರ್ಮ ದಪ್ಪಗಾಗಿ ಮಡಿಕೆ ಮಡಿಕೆಯಾಗಿ ಉಳಿದುಬಿಡುತ್ತದೆ. ಹಾಗಾಗುವ ಮುನ್ನ ತಡೆಯುವುದರಲ್ಲೇ ನಿಮ್ಮ ಶ್ರಮವೆಲ್ಲ ಹೋಗಬೇಕು.

ಬೇವಿನ ನೀರು, ಮುಲಾಮು ಏಕೆ ಕೈಕೊಟ್ಟವು? ಬೆಳಿಗ್ಗೆ ಮುಲಾಮು ಹಚ್ಚುತ್ತೀರಿ, ಸಂಜೆ ಮತ್ತೆ ನೂರಾರು ಕಡಿತ ಬೀಳುತ್ತದೆ. ಕಡಿತ ನಿಲ್ಲದೆ ಚರ್ಮ ಮಾಯುವುದಿಲ್ಲ. ಈ ಒಂದು ಮಾತನ್ನು ಹಿಡಿದುಕೊಂಡರೆ ಉಳಿದದ್ದೆಲ್ಲ ಕ್ರಮಕ್ಕೆ ಬರುತ್ತದೆ: ಮೊದಲು ಕಡಿತ ತಪ್ಪಿಸಬೇಕು, ಆಮೇಲೆ ಔಷಧ.

ಕಡಿತ ತಪ್ಪಿಸುವ ಮೊದಲ ಉಪಾಯಕ್ಕೆ ಕಾಸು ಖರ್ಚಿಲ್ಲ, ವೇಳೆ ಬದಲಿಸಿದರೆ ಸಾಕು. ನೊರಜಿನ ಹಾವಳಿ ಮುಸ್ಸಂಜೆ ಮತ್ತು ಮುಂಜಾವಿನಲ್ಲಿ ಅತಿ ಹೆಚ್ಚು. ಜುಲೈನಲ್ಲಿ ಪುಣೆಯಲ್ಲಿ ಸೂರ್ಯ ಮುಳುಗುವುದು ಸುಮಾರು 7.15ಕ್ಕೆ, ಹುಟ್ಟುವುದು 6ರ ಆಸುಪಾಸಿನಲ್ಲಿ. ಕುದುರೆಯನ್ನು 4.30ರೊಳಗೆ ಲಾಯಕ್ಕೆ ಸೇರಿಸಿ, ಬೆಳಿಗ್ಗೆ 8ರ ನಂತರವೇ ಹೊರಗೆ ಬಿಡಿ. ಸೆಪ್ಟೆಂಬರ್ ಕೊನೆಗೆ ಸೂರ್ಯ 6.30ಕ್ಕೇ ಮುಳುಗುತ್ತಾನೆ, ಆಗ ಲಾಯದ ವೇಳೆಯನ್ನೂ ಹಿಂದಕ್ಕೆ ತರಬೇಕು. ಇದನ್ನು ಮರೆತು ತಿಂಗಳ ಶ್ರಮ ಕಳೆದುಕೊಳ್ಳುವವರು ಬಹಳ ಮಂದಿ. ಮೋಡ ಮುಚ್ಚಿ, ಗಾಳಿ ನಿಂತು, ಜಿಟಿಜಿಟಿ ಇರುವ ದಿನ ನೊರಜಿಗೆ ಮಧ್ಯಾಹ್ನವೂ ಸಂಜೆಯೇ. ಅಂಥ ದಿನ ಹೊರಗೆ ಬಿಡುವುದೇ ಬೇಡ.

ಎರಡನೆಯದು ಅದು ಹುಟ್ಟುವ ಜಾಗ. ನೊರಜು ಹುಟ್ಟುವುದು ತೆರೆದ ನೀರಿನಲ್ಲಲ್ಲ, ಹಸಿ ಕೆಸರಿನಲ್ಲಿ, ಕೊಳೆತ ಎಲೆಯಲ್ಲಿ, ಸಗಣಿ-ಲದ್ದಿ ಬೆರೆತ ಒದ್ದೆ ಮಣ್ಣಿನಲ್ಲಿ. ನೀರಿನ ತೊಟ್ಟಿಯ ಸುತ್ತ ಸದಾ ಹಸಿಯಾಗಿರುವ ಎರಡಡಿ ನೆಲ, ಸೋರುವ ನಲ್ಲಿಯ ಕೆಳಗಿನ ಗುಂಡಿ, ಲದ್ದಿ ರಾಶಿಯಿಂದ ರಸ ಇಳಿಯುವ ಅಂಚು, ಇವು ಮೂರನ್ನೂ ಮೇ ಮುಗಿಯುವುದರೊಳಗೆ ಸರಿಪಡಿಸಿ. ತೊಟ್ಟಿಯ ಸುತ್ತ ಜಲ್ಲಿ ಹಾಸಿ ನೀರು ಹರಿದುಹೋಗಲು ಚರಂಡಿ ಕೊಡಿ. ಲದ್ದಿಯನ್ನು ದಿನಕ್ಕೆ ಎರಡು ಸಲ ತೆಗೆದು, ಲಾಯದಿಂದ ಆದಷ್ಟು ದೂರದಲ್ಲಿ, ಗಾಳಿ ಲಾಯದ ಕಡೆಗೆ ಬೀಸದ ದಿಕ್ಕಿನಲ್ಲಿ ರಾಶಿ ಹಾಕಿ ಮುಚ್ಚಿ. ಪಕ್ಕದ ಗದ್ದೆಯೋ ಹಳ್ಳವೋ ನಿಮ್ಮ ಕೈಯಲ್ಲಿಲ್ಲ. ಆದರೆ ಈ ಹುಳು ಬಲಹೀನ, ತನ್ನಷ್ಟಕ್ಕೆ ಬಹು ದೂರ ಹಾರದು. ಲಾಯದ ಹತ್ತಿರದ ಕೆಸರು ಒಣಗಿದರೂ ಸಾಕಷ್ಟು ಕಡಿಮೆಯಾಗುತ್ತದೆ.

ಇಷ್ಟೆಲ್ಲ ಮಾಡಿದರೂ ತುರಿಕೆ ಅದೇ ದಿನ ನಿಲ್ಲುವುದಿಲ್ಲ. ಅಲರ್ಜಿಯ ಒಂದು ಭಾಗ ನಿಧಾನದ್ದು, ಹಳೆಯ ಕಡಿತಗಳು ದಿನಗಟ್ಟಲೆ ನವೆ ಕೊಡುತ್ತಲೇ ಇರುತ್ತವೆ. ಮೂರು ದಿನ ನೋಡಿ ‘ಇದೂ ಆಗಲಿಲ್ಲ’ ಎಂದು ಕೈಬಿಡಬೇಡಿ. ಕನಿಷ್ಠ ಎರಡು ವಾರ ಬಿಡದೆ ನಡೆಸಿ.

ಅಷ್ಟರಲ್ಲಿ ಹಸಿಯಾದ ಗಾಯ ಒಣಗಬೇಕು. ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕ ಇರುವ ಶಾಂಪೂವಿನ ನೊರೆಯನ್ನು ಹತ್ತು ನಿಮಿಷ ಬಿಟ್ಟು, ತಣ್ಣೀರಿನಲ್ಲಿ ಪೂರ್ತಿ ತೊಳೆದು, ಒಣಬಟ್ಟೆಯಿಂದ ಒತ್ತಿ ತೇವ ತೆಗೆಯಿರಿ. ಬಿಸಿನೀರು ನವೆ ಹೆಚ್ಚಿಸುತ್ತದೆ. ಖರಾರಾದಿಂದ (ಮೈಯುಜ್ಜುವ ಹಲ್ಲಿನ ಬ್ರಷ್) ಆ ಜಾಗವನ್ನು ಉಜ್ಜಲೇಬೇಡಿ. ಕುದುರೆ ಸುಖದಿಂದ ಕತ್ತು ಚಾಚಿದರೂ ಚರ್ಮಕ್ಕೆ ಅದು ಹೊಡೆತವೇ. ಗಾಯದಿಂದ ವಾಸನೆ ಬಂದರೆ ಅಥವಾ ಸಣ್ಣ ತೂತು ಕಂಡರೆ ಹುಳ ಬಿದ್ದಿರುವ ಸಂಭವವಿದೆ. ಮಳೆಗಾಲದಲ್ಲಿ ಇದಕ್ಕೆ ಒಂದು ದಿನವೂ ತಡ ಕೂಡದು, ಪಶುವೈದ್ಯರನ್ನು ಕರೆಸಿ.

ಪ್ರಶ್ನೆ: ಲಾಯದ ಕಿಟಕಿ-ಬಾಗಿಲಿಗೆಲ್ಲ ಸೊಳ್ಳೆ ಪರದೆ ಹಾಕಿಸಿದೆವು. ಸೊಳ್ಳೆ ನಿಂತಿತು, ತುರಿಕೆ ನಿಲ್ಲಲಿಲ್ಲ. ಒಳಗೆ ಸೆಕೆ ಬೇರೆ. — ಮುಂಬಯಿ ಉಪನಗರ

ಉತ್ತರ: ಸಾಮಾನ್ಯ ಸೊಳ್ಳೆ ಪರದೆಯ ತೂತು ಒಂದು ಮಿಲಿಮೀಟರಿಗಿಂತ ದೊಡ್ಡದು. ನೊರಜು ಅದರಲ್ಲಿ ಆರಾಮವಾಗಿ ನುಸುಳುತ್ತದೆ. ನಿಮಗೆ ಬೇಕಾದದ್ದು ಪಾಲಿಹೌಸ್‌ಗಳಿಗೆ ಕಟ್ಟುವ ‘40 ಮೆಶ್’ ಕೀಟಬಲೆ. ಇಂಚಿಗೆ 40 ಎಳೆ ಬರುವ ಈ ಬಲೆಯ ತೂತು ಅರ್ಧ ಮಿಲಿಮೀಟರಿಗಿಂತ ಕಿರಿದು. ಪಾಲಿಹೌಸ್ ಸಾಮಾನು ಮಾರುವ ಅಂಗಡಿಗಳಲ್ಲಿ ಅಳತೆಗೆ ಕತ್ತರಿಸಿ ಕೊಡುತ್ತಾರೆ. ಹಸಿರು ಶೇಡ್ ನೆಟ್ ಕೊಟ್ಟು ‘ಇದೂ ಅದೇ’ ಎಂದರೆ ಒಪ್ಪಬೇಡಿ, ಅದು ಬಿಸಿಲಿಗೆ ಮಾತ್ರ. ಬಾಗಿಲ ಕೆಳಗಿನ ಸಂದು, ಗೋಡೆ-ಶೀಟು ಕೂಡುವೆಡೆಯ ಬಿರುಕು ಉಳಿದರೆ ಬಲೆ ಹಾಕಿಯೂ ಹಾಕದಂತೆಯೇ.

ಆದರೆ ಬಲೆ ಬಿಗಿಯಾದಷ್ಟೂ ಗಾಳಿ ಕಡಿಮೆ. ಮುಂಬಯಿಯ ಆರ್ದ್ರತೆಯಲ್ಲಿ ಮೂತ್ರದ ಅಮೋನಿಯಾ ಒಳಗೇ ನಿಂತರೆ ಕುದುರೆಗೆ ಕೆಮ್ಮು ಹತ್ತುತ್ತದೆ. ಆದ್ದರಿಂದ ಮುಂಬಯಿಗೆ ನಮ್ಮ ಸಲಹೆ ಫ್ಯಾನಿಗೇ ಮೊದಲ ಸ್ಥಾನ ಕೊಡಿ ಎಂಬುದು. ಮರದ ಎಲೆ ಸರಸರ ಅಲುಗುವಷ್ಟು ಗಾಳಿ, ಅಂದರೆ ಗಂಟೆಗೆ ಸುಮಾರು 10 ಕಿ.ಮೀ. ವೇಗ, ಇದ್ದರೆ ಈ ಹುಳು ಕುದುರೆಯ ಮೇಲೆ ಇಳಿಯಲಾರದು.

12 ಅಡಿ ಚೌಕದ ಕೊಟ್ಟಿಗೆಗೆ ಗೋಡೆಗೆ ಕೂರಿಸುವ 24 ಇಂಚಿನ ಫ್ಯಾನ್ ಒಂದು ಸಾಕು. ಕುದುರೆಯ ಬಾಯಿಗೆ, ಮುಂಗಾಲಿಗೆ ಎಟುಕದ ಎತ್ತರದಲ್ಲಿ, ಕೆಳಮುಖವಾಗಿ ಓರೆ ಮಾಡಿ ಕೂರಿಸಿ. ಗಾಳಿ ತಾಗಬೇಕಾದ್ದು ಬೆನ್ನಿಗೆ ಮಾತ್ರವಲ್ಲ, ಹೊಟ್ಟೆಯ ಕೆಳಗೂ. ಪರೀಕ್ಷಿಸುವುದು ಸುಲಭ: ಕೋಲಿಗೆ ಒಂದು ಗೇಣು ಉದ್ದದ ಟಿಶ್ಯೂ ಕಾಗದದ ಪಟ್ಟಿ ಕಟ್ಟಿ, ಕುದುರೆ ನಿಲ್ಲುವ ಜಾಗದಲ್ಲಿ ಅಯಾಲು, ಬಾಲ, ಹೊಟ್ಟೆಯ ಎತ್ತರದಲ್ಲಿ ಹಿಡಿಯಿರಿ. ಪಟ್ಟಿ ಜೋತುಬಿದ್ದ ಕಡೆ ನೊರಜು ಕೂರುತ್ತದೆ. ಹೊಟ್ಟೆಯ ಹತ್ತಿರ ಜೋತುಬಿದ್ದರೆ ಎದುರು ಮೂಲೆಗೆ ಇನ್ನೊಂದು ಫ್ಯಾನ್ ಬೇಕು.

ವೈರನ್ನು ಪೈಪಿನೊಳಗೇ ಎಳೆಯಬೇಕು. ಸ್ವಿಚ್ಚು ಕೊಟ್ಟಿಗೆಯ ಹೊರಗಿರಲಿ, ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿಸಿ. ಒದ್ದೆ ನೆಲ, ಕಾಲಿಗೆ ಕಬ್ಬಿಣದ ನಾಲು (ಲಾಳ): ನಮಗೆ ‘ಜುಂ’ ಎನ್ನುವ ಸೋರುವಿದ್ಯುತ್ತು ಕುದುರೆಯ ಪ್ರಾಣ ತೆಗೆಯಬಲ್ಲದು. ರೆಕ್ಕೆ, ಜಾಲರಿಗಳ ಧೂಳನ್ನು ವಾರಕ್ಕೊಮ್ಮೆ ಒರೆಸಿ. ಹುಲ್ಲಿನ ಧೂಳು ಮೋಟಾರಿಗೆ ಹತ್ತಿ ಬೆಂಕಿ ಬಿದ್ದ ಲಾಯಗಳಿವೆ.

ಪ್ರಶ್ನೆ: ತೋಟದ ಮನೆಯಲ್ಲಿ ಎರಡು ಕುದುರೆ ನೋಡಿಕೊಳ್ಳುತ್ತೇನೆ, ಊರು ಕಾರವಾರದ ಕಡೆ. ಒಂದು ಬದಿ ತೆಂಗಿನ ತೋಟ, ಇನ್ನೊಂದು ಬದಿ ಖಾಜಣ ಗದ್ದೆ (ಉಪ್ಪುನೀರಿನ ತಗ್ಗುಗದ್ದೆ), ಆಚೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಇಲ್ಲಿ ತುರಿಕೆ ಡಿಸೆಂಬರಿನಲ್ಲೂ ಬಿಡುವುದಿಲ್ಲ. ದನಕ್ಕೆ ಉಣ್ಣೆ ಹೋಗಲು ಹೊಡೆಯುವ ಆಮಿಟ್ರಾಜ್ ಮನೆಯಲ್ಲಿದೆ, ಅದನ್ನೇ ಹೊಡೆಯಬಹುದೇ? ತೆಂಗಿನೆಣ್ಣೆಗೆ ಸೀಮೆಎಣ್ಣೆ ಸೇರಿಸಿ ಹಚ್ಚಿ ಎಂದೂ ಹೇಳುತ್ತಾರೆ. — ಬಾರ್ದೇಸ್, ಗೋವಾ

ಉತ್ತರ: ಆಮಿಟ್ರಾಜ್ ಬೇಡ. ಕುದುರೆಗೆ ಎಂದೂ ಬೇಡ. ದನಕ್ಕೆ ಆಗಿಬರುವ ಈ ಔಷಧ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸುತ್ತದೆ. ಮೇವು ಒಳಗೇ ಗಟ್ಟಿಯಾಗಿ, ಲದ್ದಿ ನಿಂತು, ಪ್ರಾಣಕ್ಕೆ ಕುತ್ತು ತರುವ ಹೊಟ್ಟೆಶೂಲೆ ಬರುತ್ತದೆ. ದಯವಿಟ್ಟು ಆ ಡಬ್ಬಿಯ ಮೇಲೆ ದೊಡ್ಡದಾಗಿ ‘ಕುದುರೆಗಲ್ಲ’ ಎಂದು ಬರೆದು ಬೇರೆ ಕಡೆ ಇಡಿ. ಈಗಾಗಲೇ ಹೊಡೆದಿದ್ದರೆ ಸೋಪುನೀರಿನಿಂದ ಮೈಯೆಲ್ಲ ತೊಳೆದು ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಕುದುರೆ ಮಂಕಾಗಿದೆಯೇ, ತೂರಾಡುತ್ತಿದೆಯೇ, ಲದ್ದಿ ಹಾಕಿದೆಯೇ ಎಂಬುದನ್ನು ಹೇಳಿ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಈಗಾಗಲೇ ಹುಣ್ಣಾದ ಮೈಗೆ ಅದು ಶಿಕ್ಷೆ.

ಕುದುರೆಗೆ ಒಗ್ಗುವುದು ಪರ್ಮೆಥ್ರಿನ್ ಎಂಬ ಕೀಟನಾಶಕ. ಮೈಮೇಲೆ ಸಿಂಪಡಿಸುವಾಗ ಶೇ. 1 ಮೀರಬಾರದು. ಶೇ. 5ರ ದ್ರಾವಣವಾದರೆ 100 ಮಿ.ಲೀ.ಗೆ 400 ಮಿ.ಲೀ. ನೀರು ಸೇರಿಸಿದರೆ ಶೇ. 1 ಆಯಿತು. ಪ್ರಾಣಿಗಳಿಗೆಂದೇ ತಯಾರಾದದ್ದನ್ನು ವೈದ್ಯರನ್ನು ಕೇಳಿ ಕೊಳ್ಳಿ. ಬೆಳೆಗೆ ಹೊಡೆಯುವ ಕೀಟನಾಶಕದಲ್ಲೂ ಅದೇ ಹೆಸರು ಕಂಡೀತು, ಆದರೆ ಅದರ ದ್ರಾವಕ ಚರ್ಮವನ್ನು ಕೆಡಿಸುತ್ತದೆ. ಮೊದಲ ದಿನ ಕುತ್ತಿಗೆಯ ಅಂಗೈಯಗಲ ಜಾಗಕ್ಕೆ ಮಾತ್ರ ಹಚ್ಚಿ 24 ಗಂಟೆ ಕಾಯಿರಿ. ಊತ, ದದ್ದು ಇಲ್ಲದಿದ್ದರೆ ಮುಂದುವರಿಯಿರಿ. ಬೆವರು ತೊಳೆದು, ಮೈ ಒಣಗಿದ ಮೇಲೆ, ಸಂಜೆ ನಾಲ್ಕರ ಸುಮಾರಿಗೆ ಅಯಾಲಿನ ಬುಡ, ಬಾಲದ ದಿಂಡು, ಹೊಟ್ಟೆಯ ನಡುಗೆರೆಗೆ ತಲುಪುವಂತೆ ಸಿಂಪಡಿಸಿ. ಕೂದಲಿನ ಮೇಲೇ ನಿಂತರೆ ಪ್ರಯೋಜನ ಕಡಿಮೆ. ಮುಖಕ್ಕೆ ಸಿಂಪಡಿಸದೆ ಬಟ್ಟೆಯಲ್ಲಿ ಅದ್ದಿ ಒರೆಸಿ, ಕಣ್ಣು-ಮೂಗು ಬಿಟ್ಟು. ಮಳೆಯಲ್ಲಿ ನೆನೆದರೆ, ಬೆವರಿದರೆ ಅದರ ಬಲ ಬೇಗ ಇಳಿಯುತ್ತದೆ. ಮತ್ತೆ ಯಾವಾಗ ಹೊಡೆಯಬೇಕೆಂಬುದನ್ನು ಲೇಬಲ್ ನೋಡಿ ನಿರ್ಧರಿಸಿ. ಬೆಕ್ಕುಗಳಿಗೆ ಪರ್ಮೆಥ್ರಿನ್ ವಿಷ, ಮೀನಿಗೂ ಅಷ್ಟೇ. ಇಲಿಗೆಂದು ಲಾಯದಲ್ಲಿ ಬೆಕ್ಕು ಸಾಕಿದ್ದರೆ ಕುದುರೆಯ ಮೈ ಒಣಗುವವರೆಗೆ ಅದನ್ನು ಹತ್ತಿರ ಬಿಡಬೇಡಿ. ತೊಳೆದ ನೀರು ಖಾಜಣದ ಕಾಲುವೆಗೆ ಹರಿಯಬಾರದು.

ಎಣ್ಣೆಯೇ ಬೇಕೆಂದರೆ ಒಂದು ಪಾಲು ಬೇವಿನೆಣ್ಣೆಗೆ ಹತ್ತು ಪಾಲು ತೆಂಗಿನೆಣ್ಣೆ ಬೆರೆಸಿ ತೆಳ್ಳಗೆ ಸವರಿ. ಎಣ್ಣೆಯ ಪದರದ ಮೇಲೆ ಪುಟ್ಟ ನೊರಜಿಗೆ ಕೂತು ಕಚ್ಚುವುದು ಕಷ್ಟ. ಬರೀ ಬೇವಿನೆಣ್ಣೆ ಉರಿ ಕೊಡುತ್ತದೆ. ಮೂರು ದಿನಕ್ಕೊಮ್ಮೆ ತೊಳೆಯದಿದ್ದರೆ ಧೂಳು ಮೆತ್ತಿ ಚರ್ಮದ ಸೋಂಕಾಗುತ್ತದೆ. ಜೀನು ಕೂರುವ ಜಾಗಕ್ಕೆ ಹಚ್ಚಬೇಡಿ. ಕಜ್ಜಿಗೆ ಬಳಸುವ ಶೇ. 25ರ ಬೆಂಜೈಲ್ ಬೆಂಜೊಯೇಟ್ ಲೋಷನ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಚರ್ಮ ಒಡೆಯುವ ಮೊದಲೇ ದಿನವೂ ಹಚ್ಚಿದರೆ ಒಳ್ಳೆಯ ಗುಣ ಕಾಣುತ್ತದೆ. ಹಸಿ ಗಾಯಕ್ಕೆ ಮಾತ್ರ ಅದು ಬೇಡ, ಕುದುರೆ ಒದ್ದೀತು.

ನಿಮ್ಮಲ್ಲಿ ವರ್ಷವಿಡೀ ತುರಿಕೆಯಿರುವುದರಲ್ಲಿ ಆಶ್ಚರ್ಯವಿಲ್ಲ. ಕೆಲವು ಜಾತಿಯ ನೊರಜು ಕಾಂಡ್ಲಾದ ಉಬ್ಬರವಿಳಿತದ ಕೆಸರಿನಲ್ಲೇ ಹುಟ್ಟುತ್ತದೆ, ಅದಕ್ಕೆ ಮಳೆಗಾಲವೇ ಬೇಕೆಂದಿಲ್ಲ. ಕಾಂಡ್ಲಾ ಕಡಿಯುವ ಯೋಚನೆ ಬೇಡವೇ ಬೇಡ. ಕುದುರೆ ಕಟ್ಟುವ ಜಾಗವನ್ನು ದಿಬ್ಬದ ಮೇಲೆ, ಕಡಲಗಾಳಿ ಬೀಸುವ ಕಡೆಗೆ ಸರಿಸಿ. ತೆಂಗಿನ ಬುಡದಲ್ಲಿ ಕೊಳೆಯುವ ಸೋಗೆ, ಸಿಪ್ಪೆಗಳನ್ನು ಎತ್ತಿಸಿ.

ಪ್ರಶ್ನೆ: ಮೂರು ವರ್ಷದ ಗಂಡುಮರಿ ಬಾಲ ಮಾತ್ರ ಉಜ್ಜುತ್ತದೆ. ಅಯಾಲು ಚೆನ್ನಾಗಿದೆ. ಚಳಿಗಾಲದಲ್ಲೂ ಇದೇ. — ಹಡಪ್ಸರ, ಪುಣೆ

ಉತ್ತರ: ಅಯಾಲು ಬಿಟ್ಟು ಬಾಲ ಮಾತ್ರ, ಅದೂ ಚಳಿಗಾಲದಲ್ಲೂ ಎಂದರೆ ಮೊದಲ ಅನುಮಾನ ಗುದದ ಸೂಜಿಹುಳುವಿನ ಮೇಲೆ, ಅಂದರೆ ಆಕ್ಸಿಯುರಿಸ್. ಹೆಣ್ಣು ಹುಳು ಗುದದ ಸುತ್ತ ಅಂಟಿನಂಥ ಪದರದಲ್ಲಿ ಮೊಟ್ಟೆ ಇಡುತ್ತದೆ, ಅದು ಒಣಗಿದಾಗ ನವೆ. ಲದ್ದಿ ಪರೀಕ್ಷೆಯಲ್ಲಿ ಈ ಮೊಟ್ಟೆ ಹೆಚ್ಚಾಗಿ ಸಿಗುವುದಿಲ್ಲ, ‘ರಿಪೋರ್ಟ್ ಚೆನ್ನಾಗಿದೆ’ ಎಂದು ಸುಮ್ಮನಾಗಬೇಡಿ. ಬೆಳಿಗ್ಗೆ ತೊಳೆಯುವ ಮೊದಲು ಪಾರದರ್ಶಕ ಟೇಪನ್ನು ಗುದದ ಪಕ್ಕದ ಚರ್ಮಕ್ಕೆ ಒತ್ತಿ, ಗಾಜಿನ ಸ್ಲೈಡಿಗೆ ಅಂಟಿಸಿ ವೈದ್ಯರಿಗೆ ಕೊಡಿ. ಹುಳುವೆಂದು ಖಚಿತವಾದರೆ, ಐವರ್‌ಮೆಕ್ಟಿನ್ ಎಂಬ ಜಂತಿನ ಔಷಧ ಈ ಹುಳುವಿನ ಮೇಲೆ ಹಲವೆಡೆ ಸೋಲುತ್ತಿದೆ ಎಂಬುದನ್ನು ನೆನಪಿಡಿ. ಪೈರಾಂಟೆಲ್ ಅಥವಾ ಫೆನ್‌ಬೆಂಡಜೋಲ್ ಬಗ್ಗೆ ಕೇಳಿ. ಗುದದ ಸುತ್ತ ದಿನವೂ ಒಂದೇ ಸಲ ಬಳಸಿ ಎಸೆಯುವ ಬಟ್ಟೆಯಿಂದ ಒರೆಸಿ, ಮರಿ ಬಾಲ ಉಜ್ಜುವ ಗೋಡೆ, ಕಂಬ, ಬಕೆಟ್‌ಗಳನ್ನು ತಿಕ್ಕಿ ತೊಳೆಯಿರಿ. ಮೊಟ್ಟೆ ಅಂಟಿರುವುದು ಅಲ್ಲೇ.

ಗುಂಡಗಿನ ಬೋಳು ಮಚ್ಚೆಗಳು ಮೈಮೇಲೆಲ್ಲ ಇದ್ದು ಒಂದೇ ಬ್ರಷ್‌ನಿಂದ ಪಕ್ಕದ ಕುದುರೆಗೂ ಹರಡಿದ್ದರೆ ಅದು ಹುಳುಕಡ್ಡಿ. ಅದರ ಚಿಕಿತ್ಸೆಯೇ ಬೇರೆ.

ಪ್ರಶ್ನೆ: ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರೆ ಎರಡೇ ದಿನದಲ್ಲಿ ನವೆ ನಿಲ್ಲುತ್ತದೆ, ಮೂರು ವಾರಕ್ಕೆ ಮತ್ತೆ ಬರುತ್ತದೆ. ಪ್ರತಿ ತಿಂಗಳೂ ಕೊಡಿಸಬಹುದೇ? ಬೆಳ್ಳುಳ್ಳಿ ತಿನ್ನಿಸಿದರೆ ಹುಳ ಹತ್ತಿರ ಬರುವುದಿಲ್ಲವಂತೆ, ನಿಜವೇ? — ಮುಳಶಿ, ಪುಣೆ

ಉತ್ತರ: ಪ್ರತಿ ತಿಂಗಳು ಎಂಬ ಲೆಕ್ಕ ಅಪಾಯದ್ದು. ಕುದುರೆ ಚರ್ಮ ಹರಿದುಕೊಳ್ಳುತ್ತಿರುವಾಗ ಕೆಲವೇ ದಿನ ಸ್ಟೆರಾಯ್ಡ್ ಕೊಟ್ಟು ನಿಲ್ಲಿಸುವುದು ಸರಿಯಾದ ಚಿಕಿತ್ಸೆಯೇ. ಆದರೆ ಕಡಿತ ತಪ್ಪಿಸದೆ ಅದನ್ನೇ ನೆಚ್ಚಿಕೊಂಡರೆ ಸೋಂಕು ತಡೆಯುವ ಶಕ್ತಿ ಕುಗ್ಗುತ್ತದೆ, ಗೊರಸಿನ ಒಳಪದರ ಊದಿಕೊಳ್ಳುವ ಲ್ಯಾಮಿನೈಟಿಸ್ ಬರುವ ಭಯವೂ ಇದೆ. ದಪ್ಪಗಿರುವ, ಕುತ್ತಿಗೆ ಉಬ್ಬಿದ ಕುದುರೆಗೆ ಈ ಭಯ ಇನ್ನೂ ಹೆಚ್ಚು. ಇಂಜೆಕ್ಷನ್ ನಂತರ ಗೊರಸು ಬಿಸಿಯಾಗಿದ್ದರೆ, ತಿರುಗಲು ಹಿಂಜರಿದರೆ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಿಂತರೆ ಅಂದೇ ಕರೆ ಮಾಡಿ. ರೇಸಿಗೆ ಓಡುವ ಕುದುರೆಯಾದರೆ ಯಾವ ಔಷಧ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂಬುದನ್ನು ಲಾಯದ ವೈದ್ಯರಿಂದ ಬರೆಸಿಕೊಳ್ಳಿ.

ಬೆಳ್ಳುಳ್ಳಿ ಬೇಡ. ಈರುಳ್ಳಿ ಜಾತಿಯ ಗಡ್ಡೆಗಳು ಹೆಚ್ಚಾದರೆ ಕುದುರೆಯ ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಏನಾದರೂ ತಿನ್ನಿಸಲೇಬೇಕೆಂದರೆ ನಮ್ಮ ಉತ್ತರ ಕರ್ನಾಟಕದ ಅಗಸಿ ಇದೆಯಲ್ಲ, ದಿನಕ್ಕೆ 100 ಗ್ರಾಂ, ಆಗ ತಾನೇ ಪುಡಿ ಮಾಡಿದ್ದು, ಮೇವಿಗೆ ಬೆರೆಸಿ. ಚರ್ಮ, ಕೂದಲಿಗೆ ಒಳ್ಳೆಯದು. ಕಡಿತವನ್ನು ಅದು ತಪ್ಪಿಸುವುದಿಲ್ಲ.

ಪ್ರಶ್ನೆ: ನಡುಹಗಲಲ್ಲಿ ಕಾಲು ಕುಟ್ಟಿ ಕುಟ್ಟಿ ನಾಲು ಸಡಿಲವಾಗುತ್ತದೆ. ಇದೂ ನೊರಜೇ? — ಮಡಗಾಂವ್

ಉತ್ತರ: ಅಲ್ಲ. ಹಗಲು, ಮೊಣಕಾಲಿಂದ ಕೆಳಗೆ ಕಚ್ಚುವುದು ಲಾಯದ ನೊಣ. ನೋಡಲು ಮನೆನೊಣದಂತೆಯೇ, ಬಾಯಿ ಮಾತ್ರ ಮುಂದಕ್ಕೆ ಚಾಚಿದ ಸೂಜಿ. ಒದ್ದೆ ಹುಲ್ಲು, ಲದ್ದಿ ಬೆರೆತ ಹಾಸಿನಲ್ಲಿ ಹುಟ್ಟುತ್ತದೆ. ಗೋದಲಿಯ ಕೆಳಗೆ ಉಳಿದ ಒದ್ದೆ ಮೇವನ್ನು ದಿನವೂ ಗುಡಿಸಿದರೆ ಅರ್ಧ ಹೋರಾಟ ಗೆದ್ದಂತೆ. ಬಿಸಿಲಿನಲ್ಲಿ ಬೆನ್ನಿಗೆ ರಕ್ತ ಬರುವಂತೆ ಕಚ್ಚುವ ದೊಡ್ಡದು ಕುದುರೆನೊಣ. ಕಪ್ಪು-ಬಿಳಿ ಪಟ್ಟೆಯ ಹೊದಿಕೆ ಹೊದಿಸಿದ ಕುದುರೆಗಳ ಮೇಲೆ ಅದು ಇಳಿಯುವುದು ಕಡಿಮೆ ಎಂದು ಇಂಗ್ಲೆಂಡಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಹಳೆಯ ಹೊದಿಕೆಗೆ ಪಟ್ಟೆ ಹೊಲಿಸಿ ನೋಡಬಹುದು.

ಪ್ರಶ್ನೆ: ರೇಸಿನಿಂದ ನಿವೃತ್ತವಾದ ಕುದುರೆಯೊಂದನ್ನು ಮಾರ್ಚ್‌ನಲ್ಲಿ ಕೊಳ್ಳಲಿದ್ದೇವೆ. ತುರಿಕೆ ಇದೆಯೇ ಎಂದು ಹೇಗೆ ತಿಳಿಯುವುದು? ಮುಂದೆ ಮರಿ ಹಾಕಿಸುವ ಆಸೆಯಿದೆ. — ಠಾಣೆ

ಉತ್ತರ: ಮಾರ್ಚ್‌ನಲ್ಲಿ ಎಲ್ಲ ಕುದುರೆಯೂ ಚೆಂದ. ಮುಂಬಯಿಯ ರೇಸ್ ಸೀಸನ್ ನವೆಂಬರಿಂದ ಬೇಸಿಗೆಯವರೆಗೆ, ಪುಣೆಯದು ಮಳೆಗಾಲದಲ್ಲಿ. ಆದ್ದರಿಂದ ಮುಂಬಯಿಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಕಂಡದ್ದನ್ನು ನಂಬದೆ, ಕಳೆದ ಆಗಸ್ಟ್-ಸೆಪ್ಟೆಂಬರಿನಲ್ಲಿ ಪುಣೆಯಲ್ಲಿ ತೆಗೆದ ಫೋಟೊ ಕೇಳಿ. ಅಯಾಲನ್ನು ಬುಡದವರೆಗೆ ಬಿಡಿಸಿ ಬೆರಳಾಡಿಸಿ. ಕೂದಲು ಗಿಡ್ಡಗೆ ಮುರಿದು ಕುಚ್ಚಿನಂತೆ ನಿಂತಿದೆಯೇ, ಚರ್ಮ ಮಡಿಕೆಗಟ್ಟಿದೆಯೇ ನೋಡಿ. ಬಾಲದ ದಿಂಡಿನ ಮೇಲ್ಭಾಗವನ್ನು ಒತ್ತಿ ನೋಡಿ, ಅಲ್ಲಿ ದಪ್ಪಗಿನ ಗೆರೆಗಳು ಸಿಕ್ಕರೆ ಅನುಮಾನ ಬಲವಾಗುತ್ತದೆ. ಅಯಾಲನ್ನು ಪೂರ್ತಿ ಬೋಳಿಸಿದ್ದರೆ ಏಕೆಂದು ಕೇಳಿ.

ಈ ಅಲರ್ಜಿಯ ಒಲವು ವಂಶದಲ್ಲಿ ಇಳಿದುಬರುತ್ತದೆ. ತುರಿಕೆಯಿರುವ ಕುದುರೆಯನ್ನು ಸವಾರಿಗೆ ಕೊಂಡರೆ, ಲಾಯದ ವೇಳೆ ಮತ್ತು ಫ್ಯಾನು ಪಾಲಿಸುವವರಿದ್ದರೆ, ತಪ್ಪೇನಿಲ್ಲ. ಅದರಿಂದ ಮರಿ ಹಾಕಿಸಬೇಡಿ.